ಸಾಧು ಗಡ್ಡೆಯ ಮೇಲೊಂದು ಕಣ್ಣು

ಪ್ಯಾಂಕ್ರಿಯಾಸ್‌ನ ಬಾಲದಲ್ಲಿದ್ದ ಗಡ್ಡೆಯ ಜೊತೆಗೆ ನನ್ನ ಗುಲ್ಮವನ್ನೂ ತೆಗೆದಿದ್ದರು. ನೋಡಲು ಬಂದವರೆಲ್ಲ "ಕ್ಯಾನ್ಸರ್ ಅಲ್ಲ ತಾನೇ?" ಎನ್ನುವರು, ಅಮ್ಮ ನನಗಿಂತ ಮೊದಲೇ "ಅಲ್ಲ" ಎಂದುಬಿಡುವಳು. ಸರ್ಜನ್ ಮಾತ್ರ ಅಷ್ಟು ಸಲೀಸಾಗಿ ಹೇಳಲಿಲ್ಲ. "ಬಹುಶಃ ಇಲ್ಲಿಗೇ ಮುಗೀತಮ್ಮ. ಆದ್ರೂ ವರ್ಷಾವರ್ಷ ಸ್ಕ್ಯಾನ್ ಬಿಡಬೇಡ" ಎಂದರು.

ಸಾಲಿಡ್ ಸೂಡೋಪ್ಯಾಪಿಲರಿ ಟ್ಯೂಮರ್ ಅಂತ ಅದರ ಹೆಸರು. 1959ರಲ್ಲಿ ಇದನ್ನು ವಿವರಿಸಿದವರು ಅಮೆರಿಕದ ವರ್ಜೀನಿಯಾ ಫ್ರಾಂಟ್ಜ್. ಬರುವುದು ಬಹುಪಾಲು ಹರೆಯದ ಹೆಣ್ಣುಮಕ್ಕಳಿಗೆ. ರಕ್ತನಾಳದಿಂದ ದೂರವಿರುವ ಜೀವಕೋಶಗಳು ಸತ್ತು ಉದುರಿ, ಒಳಗೇ ರಕ್ತ ಸೋರಿ ಗಡ್ಡೆ ಟೊಳ್ಳಾಗುತ್ತದೆ. ಹಾಗಾಗಿ ಸ್ಕ್ಯಾನಿನಲ್ಲಿ ಅರ್ಧ ಗಟ್ಟಿ, ಅರ್ಧ ನೀರು. ನೂರರಲ್ಲಿ ಹತ್ತು-ಹದಿನೈದು ಮಂದಿಗೆ ಅದು ಲಿವರ್‌ಗೋ ಹೊಟ್ಟೆಯ ಒಳಪದರಕ್ಕೋ ಹರಡುತ್ತದೆ.

ನಾನು ಆ ಗುಂಪಿಗೆ ಬಿದ್ದೆ. ಕೆಲವು ವರ್ಷ ಚೊಕ್ಕವಾಗಿದ್ದ ಸ್ಕ್ಯಾನಿನಲ್ಲಿ ಲಿವರಿನ ಮೇಲೊಂದು ಚುಕ್ಕೆ ಕಂಡಿತು. ಬಯಾಪ್ಸಿಯಾದಾಗ ಪೆಥಾಲಜಿ ಮೇಡಂ ಮೊದಲು ಕೇಳಿದ್ದು, "ಹಳೇ ಬ್ಲಾಕ್ ಇದೆಯಾ?" ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ಬಿಲ್ಲೆಯದು. ಅರ್ಜಿ ಕೊಟ್ಟರೆ ರೋಗಿಯ ಕೈಗೇ ಕೊಡುತ್ತಾರೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಣ್ಣ ಹೋಗಿ ತಂದ. ಮೇಡಂ ಹಳತು ಹೊಸತು ಎರಡೂ ಸ್ಲೈಡುಗಳನ್ನು ನಮಗೆ ತೋರಿಸಿದರು. ಚೀಟಿ ಕಿತ್ತರೆ ಯಾವುದು ಪ್ಯಾಂಕ್ರಿಯಾಸ್‌ನದು, ಯಾವುದು ಲಿವರ್‌ನದು ಎಂದು ಹೇಳಲಾಗದಷ್ಟು ಒಂದೇ ಥರ. ಮೊದಲ ರಿಪೋರ್ಟ್ ಬರೆದವರನ್ನು ಅದುವರೆಗೆ ಬೈಯುತ್ತಿದ್ದ ಅಣ್ಣ ಸುಮ್ಮನಾದ. ಯಾವ ಗಡ್ಡೆ ಹರಡೀತು ಎಂದು ಜೀವಕೋಶ ನೋಡಿ ಖಚಿತವಾಗಿ ಹೇಳಲು ಬರುವುದಿಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಇದನ್ನೀಗ ಸಾಧು ಎನ್ನದೆ, ತೀವ್ರತೆ ಕಡಿಮೆಯಿರುವ ಕ್ಯಾನ್ಸರ್‌ಗಳ ಸಾಲಿಗೆ ಸೇರಿಸಿದೆ.

ಹರಡಿತೆಂದರೆ ಕೀಮೋ ಎಂದುಕೊಂಡಿದ್ದೆವು. ಆದರೆ ಲಿವರಿನ ಆ ಭಾಗವನ್ನೂ ಕೊಯ್ದು ತೆಗೆದರು. ಹೀಗೆ ತೆಗೆಸಿಕೊಂಡು ವರ್ಷಗಟ್ಟಲೆ ಬದುಕಿರುವವರಿದ್ದಾರೆ.

ಈಚೆಗೆ ಅತ್ತಿಗೆ ತಮ್ಮ ತಾಯಿಯ ರಿಪೋರ್ಟ್ ಹಿಡಿದು ಬಂದರು: ಪ್ಯಾಂಕ್ರಿಯಾಸ್‌ನಲ್ಲಿ ಸೀರಸ್ ಸಿಸ್ಟಡಿನೋಮಾ ಎಂಬ ನೀರುಗಡ್ಡೆ. "ನಿನ್ನ ಥರಾನೇ ಆದ್ರೆ? ತೆಗೆಸಿಬಿಡೋಣ್ವಾ?" ಅದು ಬೇರೆಯೇ ಜಾತಿ. 2016ರಲ್ಲಿ ಪ್ರಕಟವಾದ, ಹಲವು ದೇಶಗಳ 2,622 ರೋಗಿಗಳ ಅಧ್ಯಯನದಲ್ಲಿ ಕ್ಯಾನ್ಸರ್ ಎನಿಸಿದ್ದು ಮೂರೇ ಮೂರು. ಗಡ್ಡೆಯಿಂದ ಸತ್ತವರು ಒಬ್ಬರು, ಆಪರೇಷನ್ನಿನ ನಂತರ ತೀರಿಕೊಂಡವರು ಹತ್ತು ಜನ. ನನ್ನ ಹೊಟ್ಟೆಯ ಕಥೆಯಿಂದ ಅವರ ಹೊಟ್ಟೆ ಅಳೆಯಬೇಡಿ ಎಂದೆ. ಅವರಿಗೆ ನೋವಿಲ್ಲ, ಕಾಮಾಲೆಯಿಲ್ಲ. ಮುಂದಿನ ಸ್ಕ್ಯಾನ್ ನೋಡೋಣ ಎಂದು ಅವರ ವೈದ್ಯರೂ ಹೇಳಿದ್ದಾರಂತೆ. ಅತ್ತಿಗೆಗೆ ಇನ್ನೂ ಸಮಾಧಾನವಿಲ್ಲ.