ಗಬ್ಬದ ಬೆಕ್ಕು ಮತ್ತು ಎಳೆಮರಿಗಳ ಪಾಲನೆ

ಹಸು ಗಬ್ಬವಾದರೆ ದಿನ ಎಣಿಸುವ ನಾವು ಬೆಕ್ಕು ಗಬ್ಬವಾದುದನ್ನು ಗಮನಿಸುವುದೇ ಇಲ್ಲ. ಅಟ್ಟದ ಮೇಲೆ ಮರಿಗಳ ಕೂಗು ಕೇಳಿದಾಗಲೇ ವಿಷಯ ತಿಳಿಯುವುದು. ವಾರದೊಳಗೆ ಒಂದೆರಡು ಮರಿ ಸತ್ತರೆ ‘ಬೆಕ್ಕಿನ ಮರಿ ತಾನೆ’ ಎಂದು ಸುಮ್ಮನಾಗುತ್ತೇವೆ. ಕಣಜದ ರಾಗಿಯನ್ನೂ ಮೂಟೆಯ ಕಡಲೆಕಾಯಿಯನ್ನೂ ಇಲಿಗಳಿಂದ ಕಾಯುವ ಈ ಪ್ರಾಣಿಗೆ ಮಾಡಬೇಕಾದ ಆರೈಕೆ ಬಹಳವೇನೂ ಇಲ್ಲ. ಮಾಡಬಾರದ ಕೆಲಸಗಳೇ ಮುಖ್ಯ.

ಗಬ್ಬದ ಕಾಲ

ಬೆಕ್ಕು ಮರಿ ಹಾಕುವುದು ಗಬ್ಬ ಕಟ್ಟಿದ ಸುಮಾರು 63ರಿಂದ 65 ದಿನಗಳಿಗೆ. ಮೂರನೆಯ ವಾರದ ಹೊತ್ತಿಗೆ ಮೊಲೆತೊಟ್ಟುಗಳು ಕೆಂಪಗಾಗಿ ಉಬ್ಬುತ್ತವೆ, ಐದನೆಯ ವಾರದಿಂದ ಹೊಟ್ಟೆ ಕಾಣಿಸುತ್ತದೆ. ಮರಿ ಎಷ್ಟಿವೆಯೆಂದು ಹೊಟ್ಟೆಯನ್ನು ಒತ್ತಿ ನೋಡಬಾರದು.

ಹಾಲು ಅನ್ನ ಹಾಕಿದರೆ ಸಾಕೆಂಬುದು ತಪ್ಪು ತಿಳಿವಳಿಕೆ. ಬೆಕ್ಕು ಮಾಂಸಾಹಾರಿ. ಮಾಂಸ ಮೀನುಗಳಲ್ಲಿರುವ ಟಾರಿನ್ ಎಂಬ ಅಂಶವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಇದರ ಕೊರತೆಯಿಂದ ಕಣ್ಣು ಹೋಗುವುದೆಂದು 1975ರಲ್ಲಿಯೂ, ಹೃದಯ ಕೆಡುವುದೆಂದು 1987ರಲ್ಲಿಯೂ ವಿಜ್ಞಾನಿಗಳು ತೋರಿಸಿಕೊಟ್ಟರು. ಗಬ್ಬದ ಬೆಕ್ಕಿಗೆ ಕೊರತೆಯಾದರೆ ಗರ್ಭ ನಿಲ್ಲದಿರಬಹುದು, ಮರಿಗಳು ಬಡಕಲಾಗಿ ಹುಟ್ಟಬಹುದು. ಆದ್ದರಿಂದ ಮನೆಯಲ್ಲಿ ಕೋಳಿ, ಮೀನು ಮಾಡಿದ ದಿನ ಬೇಯಿಸಿದ ಗುಂಡಿಗೆ, ಚೂರು ಮಾಂಸಗಳನ್ನು ಎತ್ತಿಡಿ. ಒಣಮೀನಾದರೆ ನೆನೆಸಿ ಉಪ್ಪು ತೆಗೆದು ಕೊಡಿ. ಸಸ್ಯಾಹಾರಿಗಳ ಮನೆಯಲ್ಲಿ ಅಂಗಡಿಯ ಬೆಕ್ಕಿನ ತಿನಿಸನ್ನು ಕೊಡಬಹುದು. ಕೊನೆಯ ವಾರಗಳಲ್ಲಿ ಮಾಮೂಲಿನ ಒಂದೂವರೆ ಪಟ್ಟು ಆಹಾರ ಬೇಕು. ಒಮ್ಮೆಗೇ ಹಾಕದೆ ನಾಲ್ಕು ಸಾರಿ ಹಂಚಿ ಹಾಕಿ.

ಇಲಿ ಪಾಷಾಣದ ಎಚ್ಚರಿಕೆ

ಇಲಿ ಪಾಷಾಣವನ್ನು ಕೃಷಿ ಪತ್ರಿಕೆಗಳೇ ಶಿಫಾರಸು ಮಾಡುವುದುಂಟು. ಅದನ್ನು ಇಲ್ಲಿ ಅಲ್ಲಗಳೆಯುತ್ತಿಲ್ಲ. ಆದರೆ ಬ್ರೋಮಡಯಲೋನ್ ತಿಂದ ಇಲಿ ತಕ್ಷಣ ಸಾಯದು. ಕೆಲವು ದಿನ ಮಂಕಾಗಿ ತಿರುಗುತ್ತದೆ. ಅಂಥ ಇಲಿ ಬೆಕ್ಕಿಗೆ ಸುಲಭದ ಬೇಟೆ. ಅದನ್ನು ತಿಂದ ಬೆಕ್ಕಿನ ರಕ್ತ ಹೆಪ್ಪುಗಟ್ಟದೆ ವಸಡು ಬಿಳಿಚುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ. ಕೂಡಲೇ ಪಶುವೈದ್ಯರಲ್ಲಿಗೆ ಒಯ್ದರೆ ವಿಟಮಿನ್ ಕೆ-1 ಕೊಟ್ಟು ಉಳಿಸುವ ಸಾಧ್ಯತೆ ಇದೆ. ಜಿಂಕ್ ಫಾಸ್ಫೈಡಿಗಾದರೋ ಪ್ರತಿವಿಷವೇ ಇಲ್ಲ. ಸತ್ತ ಇಲಿಯ ಹೊಟ್ಟೆಯಲ್ಲಿ ಉಳಿದ ಪಾಷಾಣವೂ ಅಪಾಯಕರ. ಮನೆಯಲ್ಲಿ ಗಬ್ಬದ ಅಥವಾ ಮರಿ ಇರುವ ಬೆಕ್ಕಿದ್ದರೆ ಕಣಜದ ಬಳಿ ಬೋನು, ಕತ್ತರಿಗಳನ್ನೇ ಬಳಸಿ. ಹೊಲದಲ್ಲಿ ಪಾಷಾಣ ಇಡಲೇಬೇಕಾದರೆ ದಿನವೂ ಬೆಳಗ್ಗೆ ಸತ್ತ ಇಲಿಗಳನ್ನು ಆಯ್ದು ಆಳವಾಗಿ ಹೂಳಿ, ಆ ವಾರ ಬೆಕ್ಕನ್ನು ಮನೆಯೊಳಗೇ ಕೂಡಿಡಿ. ನೆರೆಹೊಲದವರಿಗೂ ಒಂದು ಮಾತು ಹೇಳಿಡುವುದು ಒಳ್ಳೆಯದು.

ದನಗಳ ಉಣ್ಣೆಗೆ ಹಾಕುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಔಷಧಿಗಳನ್ನು ಚಿಗಟ ಹೋಗಲೆಂದು ಬೆಕ್ಕಿಗಾಗಲಿ ಮರಿಗಳಿಗಾಗಲಿ ಹಚ್ಚಬೇಡಿ. ನಡುಕ ಬಂದು ಸಾಯುತ್ತವೆ. ಜ್ವರವೆಂದು ಪ್ಯಾರಾಸಿಟಮಾಲ್ ಮಾತ್ರೆಯ ಚೂರನ್ನೂ ಕೊಡಬಾರದು.

ಮರಿ ಹಾಕುವ ಸಮಯ

ವಾರದ ಮುಂಚೆಯೇ ಅಗಲವಾದ ಬುಟ್ಟಿಯನ್ನೋ ಮರದ ಪೆಟ್ಟಿಗೆಯನ್ನೋ ನಾಯಿ ಸುಳಿಯದ ಕತ್ತಲ ಮೂಲೆಯಲ್ಲಿಟ್ಟು ಹಳೆಯ ಹತ್ತಿಸೀರೆ ಹಾಸಿ. ಗೋಣಿತಾಟು ಬೇಡ, ನಾರು ಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಸಾಮಾನ್ಯವಾಗಿ ಮೂರರಿಂದ ಐದು ಮರಿಗಳಾಗುತ್ತವೆ. ದೂರದಿಂದ ನೋಡುತ್ತಿದ್ದರೆ ಸಾಕು. ಅರ್ಧ ಗಂಟೆ ಬಲವಾಗಿ ತಿಣುಕಿದರೂ ಮರಿ ಹೊರಬರದಿದ್ದರೆ ಮಾತ್ರ ಪಶುವೈದ್ಯರನ್ನು ಕಾಣಿ. ತಾಯಿ ಪೊರೆ ನೆಕ್ಕದಿದ್ದರೆ ನೀವೇ ಬಿಡಿಸಿ ಬಟ್ಟೆಯಿಂದ ಮರಿಯ ಮೂತಿ, ಮೈ ಉಜ್ಜಿ. ಮಾಸನ್ನು ಅದು ತಿಂದರೆ ಗಾಬರಿ ಬೇಡ.

ಎಳೆಮರಿಗಳು

ಹುಟ್ಟಿದ ಮರಿಯ ತೂಕ ಸುಮಾರು 100 ಗ್ರಾಂ. ಕರುವಿನಂತೆ ಇದಕ್ಕೂ ಮೊದಲ ದಿನದ ಗಿಣ್ಣುಹಾಲು ಬೇಕು. ಕಣ್ಣು ತೆರೆಯಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ದಿನಕ್ಕೆ 10-15 ಗ್ರಾಂ ತೂಕ ಏರುತ್ತಿದ್ದರೆ ತಾಯಿಯ ಹಾಲು ಸಾಕಾಗುತ್ತಿದೆ ಎಂದರ್ಥ. ದಿನಸಿ ತಕ್ಕಡಿಯಲ್ಲೇ ತೂಗಬಹುದು. ‘ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ’ ಎಂಬ ಮಾತಿದೆ. ಮಕ್ಕಳು ಪದೇ ಪದೇ ಎತ್ತಿ ಆಡಿಸಿದರೆ ಜಾಗ ಬದಲಿಸುವುದು ಇನ್ನೂ ಹೆಚ್ಚು.

ತಾಯಿ ಸತ್ತರೆ ಮರಿಗಳಿಗೆ ಮೊದಲು ಬೇಕಾದದ್ದು ಹಾಲಲ್ಲ, ಶಾಖ. ಮೂರು ವಾರದವರೆಗೆ ಅವು ತಮ್ಮ ಮೈ ಬಿಸಿಯನ್ನು ಸರಿಯಾಗಿ ಕಾಯ್ದುಕೊಳ್ಳಲಾರವು. ತಣ್ಣಗಾದ ಮರಿಗೆ ಹಾಲು ಹಾಕಿದರೆ ಅರಗದೆ ಸಾಯುತ್ತದೆ. ಬಿಸಿನೀರಿನ ಸೀಸೆಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು, ಮೈ ಬೆಚ್ಚಗಾದ ಮೇಲೆಯೇ ಹಾಲು ಕೊಡಿ. ಮರಿ ಹಾಕಿದ ಬೇರೆ ಬೆಕ್ಕಿದ್ದರೆ ಅದರ ಬಳಿ ಸೇರಿಸುವುದು ಎಲ್ಲಕ್ಕಿಂತ ಮೇಲು. ಇಲ್ಲದಿದ್ದರೆ ಬೆಕ್ಕಿನ ಮರಿಗಳಿಗೆಂದೇ ಮಾರುವ ಹಾಲಿನ ಪುಡಿ ತನ್ನಿ. ಹಸುವಿನ ಹಾಲಿನಲ್ಲಿ ಪ್ರೋಟೀನು ಬೆಕ್ಕಿನ ಹಾಲಿನ ಅರ್ಧದಷ್ಟು ಮಾತ್ರ, ಭೇದಿಯೂ ಆಗುತ್ತದೆ. ಪುಡಿ ಸಿಗುವವರೆಗೆ ಒಂದು ದಿನದ ಮಟ್ಟಿಗೆ ಗಟ್ಟಿ ಹಾಲಿಗೆ ಮೊಟ್ಟೆಯ ಹಳದಿ ಕದಡಿ ಕೊಡಬಹುದು. ಮಗುವಿನಂತೆ ಅಂಗಾತ ಹಿಡಿದು ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆಯ ಮೇಲೆ ಮಲಗಿಸಿಯೇ ಕುಡಿಸಬೇಕು. ಪ್ರತಿ ಸಾರಿಯೂ ಒದ್ದೆ ಹತ್ತಿಯಿಂದ ಬಾಲದ ಬುಡ ಒರೆಸಿ. ತಾಯಿ ನೆಕ್ಕುವುದು ಇದಕ್ಕೇ. ಒರೆಸದಿದ್ದರೆ ಎಳೆಮರಿ ಉಚ್ಚೆ ಹೊಯ್ಯಲಾರದು.

ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಬೆಕ್ಕಿನ ಮಲ ಬಳಿಯುವ ಕೆಲಸ ಬೇರೆಯವರು ಮಾಡಲಿ. ಅದರಲ್ಲಿ ಹರಡುವ ಟಾಕ್ಸೋಪ್ಲಾಸ್ಮಾ ರೋಗಾಣು ಗರ್ಭಕ್ಕೆ ಕೆಡುಕು. ಮೇವಿನ ಮೇಲೆ ಬೆಕ್ಕು ಮಲ ಹಾಕಿದರೆ ಗಬ್ಬದ ಕುರಿ ಮೇಕೆಗಳು ಕಂದು ಹಾಕುವುದೂ ಉಂಟು. ಆದ್ದರಿಂದ ಬುಟ್ಟಿಯನ್ನು ಮೇವಿನ ಮನೆಯಲ್ಲಿ ಇಡಬೇಡಿ.

ನಾಲ್ಕನೆಯ ವಾರದಿಂದ ಮೆತ್ತಗಿನ ತಿನಿಸು ಕಲಿಸಿ, ಎಂಟನೆಯ ವಾರಕ್ಕೆ ಹಾಲು ಬಿಡಿಸಿ. ಜಂತುಹುಳುವಿನ ಔಷಧಿಯನ್ನು ಪಶುವೈದ್ಯರಿಂದಲೇ ಪಡೆಯಿರಿ. ಮೂರು ತಿಂಗಳಾದ ಮರಿಗಳಿಗೆ ಹುಚ್ಚುರೋಗದ ಲಸಿಕೆ ಹಾಕಿಸಿ. ಮರಿಗಳು ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಬೆದೆಗೆ ಬರಬಹುದು. ಇನ್ನು ಮರಿ ಬೇಡವೆಂದಿದ್ದರೆ, ಹಾಲು ಬಿಡಿಸಿದ ಬಳಿಕ ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.