ಕರುವಿನ ತೊಗಲೂ ಜಿಂಕೆಯ ಕೊಂಬೂ

ಪುಸ್ತಕವನ್ನು ಕೈಗೆತ್ತಿಕೊಂಡಾಗ ಅದರ ಹಾಳೆಗಳು ಎಲ್ಲಿಂದ ಬಂದವೆಂದು ನಾವು ವಿಚಾರಿಸುವದು ಅಪರೂಪ. ಕ್ರಿ.ಶ. 700ರ ಸುಮಾರಿನಲ್ಲಿ ಇಂಗ್ಲೆಂಡಿನ ಉತ್ತರ ಭಾಗದ ವೇರ್‌ಮತ್, ಜಾರೋ ಎಂಬ ಜೋಡಿಮಠಗಳ ಸಂನ್ಯಾಸಿಗಳಾದರೋ ಅದನ್ನು ಮರೆಯುವಂತಿರಲಿಲ್ಲ. ಆಗ ಅಲ್ಲಿ ಕಾಗದವಿರಲಿಲ್ಲ. ನಮ್ಮ ದೇಶದ ತಾಳೆಗರಿಯೂ ಇರಲಿಲ್ಲ. ಮಠಾಧಿಪತಿಯಾದ ಸಿಯೋಲ್‌ಫ್ರಿತ್ ಎಂಬವನು ಸಂಪೂರ್ಣ ಸತ್ಯವೇದದ ಮೂರು ಪ್ರತಿಗಳನ್ನು ಬರೆಯಿಸಿದನು. ಇಡಿಯಾಗಿ ಉಳಿದಿರುವ ಒಂದರಲ್ಲಿ ಸಾವಿರಕ್ಕೂ ಮಿಕ್ಕ ಹಾಳೆಗಳಿವೆ. ತೂಕ ಸುಮಾರು 34 ಕಿಲೋಗ್ರಾಂ. ಒಂದು ತೊಗಲಿನಿಂದ ಅಷ್ಟು ದೊಡ್ಡ ಹಾಳೆಗಳು ಎರಡೇ ದೊರೆಯುವದರಿಂದ, ಈ ಒಂದೇ ಗ್ರಂಥಕ್ಕೆ ಐನೂರಕ್ಕೂ ಹೆಚ್ಚು ಕರುಗಳ ಚರ್ಮ ಬೇಕಾಯಿತೆಂದು ತಿಳಿದವರು ಲೆಕ್ಕಹಾಕಿದ್ದಾರೆ.

ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ತೆಗೆದು, ಮರದ ಚೌಕಟ್ಟಿಗೆ ಹುರಿಗಳಿಂದ ಬಿಗಿದು, ಅರ್ಧಚಂದ್ರಾಕಾರದ ಕತ್ತಿಯಿಂದ ಹೆರೆಯುತ್ತ ಒಣಗಿಸುವರು. ಜೋಡಿನ ಚರ್ಮದಂತೆ ಇದನ್ನು ತೊಗಟೆಯ ರಸದಲ್ಲಿ ಹದಮಾಡುವದಿಲ್ಲ. ಬಿಗಿದು ಒಣಗಿಸುವದರಲ್ಲೇ ಗುಟ್ಟು. ಇಂಥ ಹಾಳೆಯ ಮೇಲೆ ತಪ್ಪು ಬಿದ್ದರೆ ಚೂರಿಯಿಂದ ಹೆರೆದು ಪುನಃ ಬರೆಯಬಹುದು. ಇದು ಅನುಕೂಲವೇ ಸರಿ. ಆದರೆ ಅಪಾಯವೂ ಹೌದು. 716ರಲ್ಲಿ ವೃದ್ಧನಾದ ಸಿಯೋಲ್‌ಫ್ರಿತ್ ಈ ಗ್ರಂಥವನ್ನು ಕಾಣಿಕೆಯಾಗಿ ರೋಮಿಗೆ ಒಯ್ಯಲು ಹೊರಟು, ದಾರಿಯಲ್ಲಿ ಫ್ರಾನ್ಸಿನ ಲಾಂಗ್ರ್ ಪಟ್ಟಣದಲ್ಲಿ ತೀರಿಕೊಂಡನು. ಮುಂದೆ ಇಟಲಿಯಲ್ಲಿ ಯಾರೋ ಅರ್ಪಣೆಯ ಪುಟದಲ್ಲಿದ್ದ ಅವನ ಹೆಸರನ್ನು ಹೆರೆದುಹಾಕಿ, ಪೇತ್ರನೆಂಬ ಬೇರೊಬ್ಬ ಮಠಾಧಿಪತಿಯ ಹೆಸರನ್ನು ಬರೆದರು. ಗ್ರಂಥವು ಶತಮಾನಗಳ ವರೆಗೆ ಇಟಲಿಯವರ ಕೃತಿಯೆಂದೇ ಎಣಿಸಲ್ಪಟ್ಟಿತು. ತೊಗಲಾದರೋ ಗಾಯದ ಗುರುತನ್ನು ಬಿಡಲಿಲ್ಲ. 19ನೆಯ ಶತಮಾನದಲ್ಲಿ ಡಿ ರೊಸ್ಸಿ ಎಂಬ ವಿದ್ವಾಂಸನು ಆ ಹೆರೆದ ಜಾಗವನ್ನು ಪರೀಕ್ಷಿಸಿ, ನಿಜವಾದ ದಾನಿಯನ್ನು ಗುರುತಿಸಲು ದಾರಿ ತೋರಿದನು. ಗ್ರಂಥವು ಈಗ ಫ್ಲಾರೆನ್ಸಿನ ಲಾರೆನ್ಷಿಯನ್ ಪುಸ್ತಕಾಲಯದಲ್ಲಿದೆ.

ಮನೆಬಳಕೆಯ ವಸ್ತುಗಳಲ್ಲಿ ಹಣಿಗೆಯು ನಮ್ಮ ಮನಸ್ಸಿಗೆ ಹೆಚ್ಚು ಹಿಡಿಸುತ್ತದೆ. ಅದಕ್ಕಾಗಿ ಪ್ರಾಣಿಯನ್ನು ಕೊಲ್ಲಲೇಬೇಕೆಂದಿರಲಿಲ್ಲ. ಗಂಡುಜಿಂಕೆ ವರ್ಷವರ್ಷವೂ ಉದುರಿಸುವ ಕೊಂಬನ್ನು ಕಾಡಿನಲ್ಲಿ ಆರಿಸಿ ತಂದರೆ ಸಾಕು. ಕೊಂಬಿನ ಎಳೆಯು ಹಲ್ಲಿನ ಉದ್ದಕ್ಕೆ ಹರಿಯದಿದ್ದರೆ ಹಲ್ಲು ಬೇಗ ಮುರಿಯುತ್ತದೆ. ಆದಕಾರಣ ಕೊಂಬನ್ನು ಸಣ್ಣ ಫಲಕಗಳಾಗಿ ಕೊಯ್ದು, ಎರಡು ಪಟ್ಟಿಗಳ ನಡುವೆ ಸಾಲಾಗಿಟ್ಟು, ಕಬ್ಬಿಣದ ಮೊಳೆಗಳಿಂದ ಬಂಧಿಸಿ, ಆಮೇಲೆಯೇ ಹಲ್ಲುಗಳನ್ನು ಕೊಯ್ಯುತ್ತಿದ್ದರು.

10ನೆಯ ಶತಮಾನದ ಕೊನೆಯಲ್ಲಿ ಎಲ್ಫ್ರಿಕ್ ಎಂಬ ಸಂನ್ಯಾಸಿ ಉಪಾಧ್ಯಾಯನು ಹುಡುಗರಿಗೆ ಲತೀನ್ ಮಾತಾಡಲು ಕಲಿಸುವದಕ್ಕಾಗಿ ಒಂದು ಸಂಭಾಷಣೆಯನ್ನು ಬರೆದನು. ಅದರಲ್ಲಿ ಚರ್ಮಗಾರನು ತಾನು ಮಾಡುವ ಜೋಡು, ಲಗಾಮು, ಚೀಲ, ನೀರಿನ ಬುದ್ದಲಿ ಮುಂತಾದವನ್ನು ಒಂದೊಂದಾಗಿ ಹೇಳುತ್ತಾನೆ. ಆ ಪಾತ್ರ ವಹಿಸಿದ ಹುಡುಗನು ಪಟ್ಟಿಯನ್ನು ತಡವರಿಸದೆ ಒಪ್ಪಿಸಿದನೋ ಇಲ್ಲವೋ! ತನ್ನ ಕಸಬಿಲ್ಲದೆ ಚಳಿಗಾಲವನ್ನು ಕಳೆಯಲು ನಿಮ್ಮಲ್ಲಿ ಯಾರೂ ಒಪ್ಪರೆಂಬದೇ ಅವನ ಕೊನೆಯ ವಾದ.