ಹಳೆಯ ಜರ್ಮನ್ ಕಾರಿನ ಲಾಂಛನ ಕೊಳ್ಳುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಹಳೆಯ ಜರ್ಮನ್ ಕಾರುಗಳ ಲಾಂಛನಗಳಲ್ಲಿ ಮಾರಾಟಕ್ಕೆ ಬರುವುದು ಮೂರು ಬಗೆ: ಕಾರಿನ ಜೊತೆಗೇ ಕಾರ್ಖಾನೆಯಿಂದ ಹೊರಬಂದದ್ದು, ಅದೇ ಕಂಪನಿ ಮುಂದೆ ಬದಲಿ ಭಾಗವಾಗಿ ಮಾಡಿಸಿದ್ದು, ಬೇರೆಯವರು ಮಾಡಿದ ನಕಲು. ಮೂರಕ್ಕೂ ಬೆಲೆ ಬೇರೆ ಬೇರೆ. ಆದರೆ ಮಾರುವಾಗ ಮೂರನ್ನೂ ‘ಒರಿಜಿನಲ್’ ಎಂದೇ ಕರೆಯುವವರಿದ್ದಾರೆ. ಹಣ ಕೊಡುವ ಮೊದಲು ಈ ನಿಯಮಗಳನ್ನು ಪಾಲಿಸಿ.

ಮಾಡಬೇಕಾದ್ದು

1. ಮೊದಲು ಕಾರಿನ ವರ್ಷ ಖಚಿತಪಡಿಸಿಕೊಳ್ಳಿ, ಲಾಂಛನ ಆಮೇಲೆ. ಪೋರ್ಷೆಯ ಗುರಾಣಿ ಲಾಂಛನ ಮೊದಲು ಕಾಣಿಸಿಕೊಂಡದ್ದು 1952ರ ಕೊನೆಗೆ, ಸ್ಟಿಯರಿಂಗ್ ಚಕ್ರದ ನಡುವೆ. ಬಾನೆಟ್ಟಿಗೆ ಬಂದದ್ದು 1954ರಲ್ಲಿ. 1951ರ ಪೋರ್ಷೆ 356ರ ಬಾನೆಟ್ ಮೇಲೆ ಅದು ಇದ್ದರೆ ಯಾರೋ ಆಮೇಲೆ ಕೂರಿಸಿದ್ದಾರೆ. ಫೋಕ್ಸ್‌ವ್ಯಾಗನ್ ಬೀಟಲ್‌ನ ಬಾನೆಟ್ ಮೇಲೆ ತೋಳ ಮತ್ತು ಕೋಟೆಯ ವೋಲ್ಫ್ಸ್‌ಬರ್ಗ್ ಲಾಂಛನ ಇದ್ದದ್ದು 1951ರಿಂದ 1962ರವರೆಗೆ. 1968ರ ಬೀಟಲ್‌ಗೆ ಅದು ಸಲ್ಲದು.

2. ಕಂಪನಿಯ ಚರಿತ್ರೆಗೆ ತಾಳೆ ಹಾಕಿ. ಡೈಮ್ಲರ್ ಮತ್ತು ಬೆಂಜ್ ಒಂದಾದದ್ದು 1926ರಲ್ಲಿ. ಡೈಮ್ಲರ್‌ನ ಮೂರು ಮೊನೆಯ ನಕ್ಷತ್ರ, ಬೆಂಜ್‌ನ ಲಾರೆಲ್ ಎಲೆಗಳ ಸುತ್ತು ಎರಡೂ ಕೂಡಿದ ಲಾಂಛನ 1920ರ ಕಾರಿನದಾಗಿರಲು ಸಾಧ್ಯವಿಲ್ಲ. ನಾಲ್ಕು ಉಂಗುರಗಳು ಬಂದದ್ದು 1932ರಲ್ಲಿ ಆಡಿ, ಡಿಕೆಡಬ್ಲ್ಯು, ಹೋರ್ಚ್, ವಾಂಡರರ್ ಸೇರಿ ಆಟೋ ಯೂನಿಯನ್ ಆದಾಗ. ಬಿಎಂಡಬ್ಲ್ಯು ಗುರುತು ನೋಂದಣಿಯಾದದ್ದು 1917ರಲ್ಲೇ. ಆದರೆ ಕಂಪನಿ ಕಾರು ತಯಾರಿಕೆಗೆ ಇಳಿದದ್ದು 1928ರಲ್ಲಿ ಐಸೆನಾಖ್‌ನ ಕಾರ್ಖಾನೆ ಕೊಂಡ ಮೇಲೆ. ‘1922ರ ಬಿಎಂಡಬ್ಲ್ಯು ಕಾರಿನ ಬ್ಯಾಡ್ಜ್’ ಎಂದರೆ ಅಲ್ಲೇ ಮಾತು ನಿಲ್ಲಿಸಿ.

3. ಹಿಂಬದಿ ನೋಡಿ. ಅಚ್ಚೊತ್ತಿ ಮಾಡಿದ ಹಳೆಯ ಲಾಂಛನದ ಅಂಚು, ಅಕ್ಷರ ಚೂಪಾಗಿರುತ್ತವೆ. ಅಸಲಿಯಿಂದಲೇ ಅಚ್ಚು ತೆಗೆದು ಎರಕ ಹೊಯ್ದ ನಕಲಿನಲ್ಲಿ ಅಕ್ಷರ ಮಂದವಾಗಿ, ಹಿಂದೆ ಸಣ್ಣ ಗುಳಿಗಳಿರುತ್ತವೆ. ಲೋಹ ಆರುವಾಗ ಕುಗ್ಗುವುದರಿಂದ ಅಳತೆಯೂ ಕೂದಲೆಳೆಯಷ್ಟು ಕಡಿಮೆ. ವರ್ನಿಯರ್ ಹಿಡಿದು ಅಳೆಯಿರಿ.

4. ಬಣ್ಣವನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿ. ನಿಜವಾದ ಎನಾಮೆಲ್ ಎಂದರೆ ಕುಲುಮೆಯಲ್ಲಿ ಕರಗಿ ಕೂತ ಗಾಜಿನ ಪುಡಿ. ಅದು ಒಡೆದರೆ ಗಾಜಿನಂತೆಯೇ ಚಕ್ಕೆ ಏಳುತ್ತದೆ. ರಾಳದ ಬಣ್ಣ ಸವೆಯುತ್ತದೆ, ಹಳದಿಗಟ್ಟುತ್ತದೆ, ಚಕ್ಕೆ ಏಳುವುದಿಲ್ಲ.

5. ಲೇಪನ ಗಮನಿಸಿ. ಕ್ರೋಮ್ ಲೇಪನ ಬಳಕೆಗೆ ಬಂದದ್ದು 1920ರ ದಶಕದ ಕೊನೆಯ ಹೊತ್ತಿಗೆ. ಅದಕ್ಕೂ ಮುಂಚೆ ಇದ್ದದ್ದು ನಿಕ್ಕಲ್, ಅದರ ಹೊಳಪು ತುಸು ಹಳದಿ. 1912ರದೆನ್ನುವ ಬ್ಯಾಡ್ಜ್ ಮೇಲೆ ನೀಲಿ ಛಾಯೆಯ ಕ್ರೋಮ್ ಇದ್ದರೆ ಲೇಪನವಾದರೂ ಹೊಸದು, ಇಲ್ಲವೇ ಬ್ಯಾಡ್ಜೇ ಹೊಸದು.

6. ಹಿಂಬದಿಯ ಬರಹ ಓದಿ. ‘ಪಶ್ಚಿಮ ಜರ್ಮನಿ’ ಎಂದಿದ್ದರೆ ಅದು ಎರಡನೆಯ ಮಹಾಯುದ್ಧಕ್ಕಿಂತ ಮೊದಲಿನದಲ್ಲ, ಆ ದೇಶ ಹುಟ್ಟಿದ್ದೇ 1949ರಲ್ಲಿ. ಡಿ.ಆರ್.ಜಿ.ಎಂ. ಎಂಬುದು ಹಳೆಯ ಜರ್ಮನ್ ಸಾಮ್ರಾಜ್ಯದ ಕಾಲದಿಂದ ಬಂದ ನೋಂದಣಿ ಗುರುತು, ಡಿ.ಬಿ.ಜಿ.ಎಂ. ಯುದ್ಧಾನಂತರದ್ದು.

7. ಲಾಂಛನದ ಹಿಂಬದಿಯ ಮೊಳೆಗಳನ್ನು ಬಾನೆಟ್ಟಿನ ತೂತುಗಳಿಗೆ ಹೋಲಿಸಿ. ಹಳೆಯ ತೂತು ಮುಚ್ಚಿ ಹೊಸದು ಕೊರೆದಿದ್ದರೆ ಕಾರಣ ಕೇಳಿ.

8. ಬಿಲ್ಲಿನಲ್ಲಿ ಅಸಲಿ, ಕಂಪನಿಯ ಬದಲಿ, ನಕಲು ಇವುಗಳಲ್ಲಿ ಯಾವುದೆಂದು ಬರೆಸಿಕೊಳ್ಳಿ.

ಮಾಡಬಾರದ್ದು

1. ಅಯಸ್ಕಾಂತವೊಂದನ್ನೇ ನಂಬಬೇಡಿ. ಬಲವಾಗಿ ಅಂಟಿದರೆ ಒಳಗಿರುವುದು ಹಿತ್ತಾಳೆಯಲ್ಲ, ತಾಮ್ರವಲ್ಲ ಎಂದಷ್ಟೇ ಗೊತ್ತಾಗುತ್ತದೆ. ಅಂಟದಿದ್ದರೆ ಅಸಲಿ ಎಂದಲ್ಲ. ನಕಲನ್ನೂ ಹಿತ್ತಾಳೆಯಲ್ಲೇ ಮಾಡುತ್ತಾರೆ.

2. ಕಿಲುಬು ನೋಡಿ ಮರುಳಾಗಬೇಡಿ. ರಾಸಾಯನಿಕ ಸವರಿದ ಕಪ್ಪು ಎಲ್ಲೆಡೆ ಒಂದೇ ಸಮ. ಕಾಲದಿಂದ ಬಂದದ್ದು ಸಂದಿಯಲ್ಲಿ ಗಾಢ, ಕೈ ತಾಗುವಲ್ಲಿ ತೆಳು.

3. ಕೆಂಪು-ಬಿಳಿಯ ವೃತ್ತ ಕಂಡ ಕೂಡಲೇ ಖೋಟಾ ಬಿಎಂಡಬ್ಲ್ಯು ಎನ್ನಬೇಡಿ. ಯುದ್ಧದ ನಂತರ ಐಸೆನಾಖ್ ಕಾರ್ಖಾನೆ ಸೋವಿಯತ್ ವಲಯಕ್ಕೆ ಸೇರಿತು. 1950ರ ದಶಕದಲ್ಲಿ ಅಲ್ಲಿಂದ ಬಂದ ಇಎಂಡಬ್ಲ್ಯು ಕಾರುಗಳ ಲಾಂಛನವೇ ಅದು.

4. ಮಾರುವವನ ಕಥೆಗೆ ಬೆಲೆ ಕಟ್ಟಬೇಡಿ. ಬಿಎಂಡಬ್ಲ್ಯು ಗುರುತು ತಿರುಗುವ ಪ್ರೊಪೆಲ್ಲರ್ ಎಂಬ ಕಥೆ ಹಬ್ಬಿದ್ದು 1929ರ ಜಾಹೀರಾತು ಚಿತ್ರದಿಂದ. ಆ ಗುರುತಿನ ನೀಲಿ-ಬಿಳಿ ಬವೇರಿಯ ರಾಜ್ಯದ ಬಣ್ಣ.

5. ಹುಣಸೆಹಣ್ಣು, ನಿಂಬೆಹಣ್ಣು, ಆಸಿಡ್ ಹಚ್ಚಿ ತಿಕ್ಕಬೇಡಿ. ಎನಾಮೆಲ್ ಕಳೆಗುಂದುತ್ತದೆ. ಪರೀಕ್ಷೆಯ ನೆಪದಲ್ಲಿ ಸೂಜಿಯಿಂದ ಗೀರಲೂಬೇಡಿ.

6. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ತಗಡು ಬಾಗಿದರೆ ಎನಾಮೆಲ್ ಸಿಡಿಯುತ್ತದೆ. ಬಾನೆಟ್ ಎತ್ತಿ ಒಳಗಿನಿಂದ ನಟ್ಟು ಬಿಚ್ಚಿ.

7. ಮುಂಬದಿಯ ಫೋಟೋ ಮಾತ್ರ ನೋಡಿ ಮುಂಗಡ ಕಳುಹಿಸಬೇಡಿ. ಹಿಂಬದಿ ತೋರಿಸಲು ಒಪ್ಪದವನ ಬಳಿ ವ್ಯಾಪಾರ ಬೇಡ.

8. ನಕಲು ಹಾಕಿಕೊಂಡರೆ ತಪ್ಪಲ್ಲ, ಅದನ್ನು ಅಸಲಿ ಎಂದು ಮಾರಬೇಡಿ. ಎನಾಮೆಲ್ ಹೊಸದಾಗಿ ತುಂಬಿಸಿದ್ದರೆ ಅದನ್ನೂ ಹೇಳಿ.

ಕೊನೆಯದಾಗಿ: ಲಾಂಛನ ಅಸಲಿಯಾದ ಮಾತ್ರಕ್ಕೆ ಕಾರು ಅಸಲಿ ಆಗುವುದಿಲ್ಲ. ವರ್ಷ, ತಯಾರಿಕೆ, ಅಳತೆ, ಹಿಂಬದಿಯ ಗುರುತು ಒಂದಕ್ಕೊಂದು ತಾಳೆಯಾಗಬೇಕು. ಒಂದು ತಪ್ಪಿದರೂ ಅಸಲಿಯ ಬೆಲೆ ಕೊಡಬೇಡಿ.